ಐಗಳ ಮಠವೂ ಅಳಗುಳಿಮಣೆಯೂ

ಬಳ್ಳಾರಿ ಜಿಲ್ಲೆಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು 1823ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದು ಕಳುಹಿಸಿದ ವರದಿಯೊಂದು, ನಮ್ಮ ನಾಡಿನ ಹಳೆಯ ವಿದ್ಯಾಭ್ಯಾಸಕ್ರಮವನ್ನು ಕುರಿತು ವಿಚಾರಮಾಡುವವರೆಲ್ಲರೂ ಒಮ್ಮೆಯಾದರೂ ಓದಬೇಕಾದ ಬರಹ. ಪ್ರಾಂತದೊಳಗೆ ಎಲ್ಲೆಲ್ಲಿ ಪಾಠಶಾಲೆಗಳಿವೆ, ಅವುಗಳಲ್ಲಿ ಎಷ್ಟು ಮಂದಿ ಯಾವ ಯಾವ ಭಾಷೆಯನ್ನು ಕಲಿಯುತ್ತಾರೆ, ಉಪಾಧ್ಯಾಯರಿಗೆ ಏನು ಸಂದಾಯವಾಗುತ್ತದೆ ಎಂಬುದನ್ನು ಲೆಕ್ಕಹಾಕಿ ತಿಳಿಸಬೇಕೆಂದು ಅದರ ಹಿಂದಿನ ವರ್ಷ ಗವರ್ನರ್ ಸರ್ ಥಾಮಸ್ ಮನ್ರೋ ಅಪ್ಪಣೆಮಾಡಿದ್ದನು. ಅಂಕಿಗಳ ಪಟ್ಟಿಯನ್ನು ಕಳುಹಿಸಿ ಕೈತೊಳೆದುಕೊಂಡ ಕಲೆಕ್ಟರರೂ ಉಂಟು. ಆದರೆ ತೆಲುಗು ಭಾಷೆಗೆ ವ್ಯಾಕರಣವನ್ನು ಬರೆದಿದ್ದ ಈ ಕ್ಯಾಂಬೆಲ್, ಊರ ಜಗಲಿಯ ಮೇಲೆ ಕುಳಿತ ಹುಡುಗರ ಕೈಯೊಳಗಿನ ಬಳಪದವರೆಗೂ ದೃಷ್ಟಿ ಹಾಯಿಸಿ, ತಾನು ತಿಳಿದುದನ್ನೆಲ್ಲ ಬರೆದಿಟ್ಟನು.

ಆ ವರದಿಯಲ್ಲಿ ಕಾಣುವ ಐಗಳ ಮಠದ, ಅಂದರೆ ಊರ ಉಪಾಧ್ಯಾಯರ ಪಾಠಶಾಲೆಯ, ಚಿತ್ರ ಹೀಗಿದೆ. ಮಗುವಿಗೆ ಐದು ವರ್ಷವಾಗುತ್ತಲೆ ಶುಭದಿನವನ್ನು ನೋಡಿ, ಗಣಪತಿಯನ್ನು ಪೂಜಿಸಿ, ಅಕ್ಕಿಯ ಮೇಲೆ ಬೆರಳು ಹಿಡಿಸಿ ದೇವರ ಹೆಸರನ್ನು ಬರೆಯಿಸುತ್ತಾರೆ. ಆಮೇಲೆ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವುದು. ಕೈ ಕುದುರಿದ ಬಳಿಕ ಕಡತದ ಮೇಲೆ ಬಳಪದಿಂದಲೂ ಓಲೆಯ ಮೇಲೆ ಕಬ್ಬಿಣದ ಕಂಠದಿಂದಲೂ ಬರೆಯುವುದು. ಬೆಳಗಿನ 6 ಗಂಟೆಗೆ ಮಠ ತೆರೆಯುತ್ತದೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಾರೆ. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ, ಅಂದರೆ ಅವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಬೆತ್ತದ ಒಂದು ಮೃದುವಾದ ಏಟು, ನಾಲ್ಕನೆಯವನಿಗೆ ಎರಡು, ಆ ಮೇಲೆ ಬಂದ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚು. ಸೋಮಾರಿಯನ್ನು ಕೈಕಟ್ಟಿ ಸೂರಿನಿಂದ ತೂಗಹಾಕುವ ಶಿಕ್ಷೆಯೂ, ಎಡೆಬಿಡದೆ ಮಂಡಿಯೂರಿಸಿ ಏಳಿಸುವ ಶಿಕ್ಷೆಯೂ ಉಂಟು. ಹುಡುಗರು ಕಾವ್ಯಗಳನ್ನು ಕಂಠಪಾಠ ಮಾಡುತ್ತಾರೆ. ಆದರೆ ಆಡುಮಾತಿಗೂ ಆ ಗ್ರಂಥಗಳ ಭಾಷೆಗೂ ಬಹಳ ದೂರವಾದುದರಿಂದ ಅರ್ಥ ಅವರಿಗೂ ತಿಳಿಯದು, ಅನೇಕ ಕಡೆ ಐಗಳಿಗೂ ತಿಳಿಯದು ಎಂದು ಕ್ಯಾಂಬೆಲ್ ವಿಷಾದಪಡುತ್ತಾನೆ. ಇಷ್ಟನ್ನೆಲ್ಲ ಬರೆದ ಆ ವರದಿಯೊಳಗೆ ಆಟಕ್ಕೆ ಸ್ಥಾನವಿಲ್ಲ. ಅದು ಬರೆದವನ ಲೋಪವೆಂದು ತೋರುವುದಿಲ್ಲ. ಮಠದ ದಿನನಿತ್ಯದ ಕಟ್ಟುಪಾಡಿನೊಳಗೆ ಆಟವೆಂಬುದು ಪ್ರವೇಶಿಸುವ ಸಂದರ್ಭವೇ ಇರಲಿಲ್ಲ.

ಈಗ ಅದೇ ವರದಿಯ ಅಂಕಿಗಳನ್ನು ನೋಡಬೇಕು. ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಕಲಿಯುವವರು 6,641. ಕಲಿಯುವವರಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಒಂಬತ್ತು ಲಕ್ಷಕ್ಕೂ ಮಿಕ್ಕ ಜನರಿರುವ ಸೀಮೆಯಲ್ಲಿ ಮಠದ ಮೆಟ್ಟಿಲನ್ನು ಹತ್ತಿದ ಮಕ್ಕಳು ಏಳು ಸಾವಿರವೂ ಇಲ್ಲವೆಂದ ಮೇಲೆ, ಉಳಿದ ಮಕ್ಕಳು ಎಣಿಕೆಯನ್ನೂ ಅಳತೆಯನ್ನೂ ಸರದಿ ಕಾಯುವುದನ್ನೂ ಸೋಲನ್ನು ನುಂಗಿಕೊಳ್ಳುವುದನ್ನೂ ಎಲ್ಲಿ ಕಲಿತರು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹೊಲದ ದುಡಿಮೆಯಲ್ಲಿ, ಹಿರಿಯರ ಕಸುಬಿನಲ್ಲಿ, ಅಡುಗೆಯ ಮನೆಯಲ್ಲಿ ಕಲಿತರೆಂಬುದು ಉತ್ತರದ ಒಂದು ಭಾಗ. ಇನ್ನೊಂದು ಭಾಗವನ್ನು ಬರೆದಿಟ್ಟ ಕಲೆಕ್ಟರನಿಲ್ಲ. ಅದು ಗುಡಿಯ ನೆಲಗಟ್ಟಿನ ಮೇಲೂ ಅಜ್ಜಿಯರ ನೆನಪಿನಲ್ಲೂ ಉಳಿದಿದೆ.

ಹಂಪೆಗೆ ಹೋದವರು ಮಂಟಪಗಳ ಕಂಬಗಳನ್ನು ತಲೆಯೆತ್ತಿ ನೋಡುತ್ತಾರೆ. ತಲೆ ತಗ್ಗಿಸಿ ಹಾಸುಗಲ್ಲನ್ನು ನೋಡುವವರು ಕಡಮೆ. ನೋಡಿದರೆ, ಅಲ್ಲಲ್ಲಿ ಕಲ್ಲಿನಲ್ಲಿಯೇ ಗೀರಿದ ಚೌಕಗಳೂ, ಹುಲಿ–ಕುರಿಯಾಟದ ತ್ರಿಕೋಣಾಕೃತಿಯ ಗೆರೆಗಳೂ, ಎರಡು ಸಾಲಾಗಿ ಕೊರೆದ ಗುಳಿಗಳೂ ಕಣ್ಣಿಗೆ ಬೀಳುತ್ತವೆ. ಕನ್ನಡನಾಡಿನ ಬೇರೆ ಎಷ್ಟೋ ಗುಡಿಗಳ ಜಗಲಿಯ ಮೇಲೂ ಊರಬಾಗಿಲ ಕಟ್ಟೆಯ ಮೇಲೂ ಇಂಥವುಗಳುಂಟು. ಕೆತ್ತಿದವರು ಕಲ್ಲುಕುಟಿಗರೋ, ಕಾವಲಿನವರೋ, ಜಾತ್ರೆಗೆ ಬಂದು ನೆರಳಿಗೆ ಕುಳಿತವರೋ ಯಾರು ಬಲ್ಲರು. ಯಾವ ಶಾಸನವೂ ಅವರ ಹೆಸರನ್ನು ಹೇಳುವುದಿಲ್ಲ. ದೊರೆಗಳು ದಾನಕೊಟ್ಟುದಕ್ಕೆ ಶಿಲಾಶಾಸನವಿದೆ, ಜನ ಆಟವಾಡಿದುದಕ್ಕೂ ಶಿಲೆಯೇ ಸಾಕ್ಷಿಯಾಗಿದೆ.

ಈ ಆಟಗಳಲ್ಲಿ ಅಳಗುಳಿಮಣೆಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮರದ ಮಣೆಯೊಂದರಲ್ಲಿ ಎದುರುಬದುರಾಗಿ ಏಳೇಳು ಗುಳಿಗಳು. ಒಂದೊಂದು ಗುಳಿಯಲ್ಲಿಯೂ ನಾಲ್ಕು ನಾಲ್ಕು ಕಾಯಿ, ಒಟ್ಟು 56. ಐದೈದು ಹಾಕಿ ಆಡುವ ಮನೆಗಳೂ ಉಂಟು. ಬಯಲುಸೀಮೆಯಲ್ಲಿ ಹುಣಿಸೆಬೀಜ, ಉಳ್ಳವರಲ್ಲಿ ಕವಡೆ, ಕರಾವಳಿಯಲ್ಲಿ ಮಂಜೊಟ್ಟಿಯ ಕೆಂಪು ಬೀಜ. ತನ್ನ ಕಡೆಯ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಿ, ಕೈ ಬರಿದಾದಾಗ ಅದರ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಹಂಚಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ಆಡಿದವರದು. ಹೇಳುವುದಕ್ಕೆ ಇಷ್ಟೆ. ಆದರೆ ನುರಿತ ಆಟಗಾರ್ತಿ ಯಾವ ಗುಳಿಯನ್ನೂ ಸುಮ್ಮನೆ ಎತ್ತುವುದಿಲ್ಲ. ಹದಿನಾಲ್ಕು ಗುಳಿಗಳ ಸ್ಥಿತಿಯನ್ನು ಕಣ್ಣಿನಲ್ಲಿಯೇ ಅಳೆದು, ಇದನ್ನೆತ್ತಿದರೆ ಕೈ ಎಲ್ಲಿ ಬರಿದಾಗುವುದು, ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಹೋಗಿ ನಿಲ್ಲುವುದು ಎಂಬುದನ್ನು ಎರಡು ಮೂರು ಸುತ್ತಿನವರೆಗೂ ಮನಸ್ಸಿನೊಳಗೆ ನಡೆಸಿ ನೋಡಿದ ಮೇಲೆಯೇ ಅವಳ ಕೈ ಮಣೆಗೆ ಇಳಿಯುತ್ತದೆ. ಓಲೆಯನ್ನು ಎಂದೂ ಮುಟ್ಟದ, ಬಳಪವನ್ನು ಹಿಡಿಯದ ಹೆಣ್ಣುಮಗಳು ಇಂಥ ಲೆಕ್ಕವನ್ನು ಮಾತಾಡುತ್ತ ನಗುತ್ತ ಮಾಡುತ್ತಿದ್ದಳು. ಬಳ್ಳಾರಿ ಜಿಲ್ಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಹುಡುಗಿಯರು 60 ಎಂದು ಎಣಿಸಿದ ಅಧಿಕಾರಿಗೆ, ಗಣಿತ ಬಲ್ಲ ಹುಡುಗಿಯರನ್ನು ಎಣಿಸಲು ದಾರಿಯಿರಲಿಲ್ಲ.

ತುಳುನಾಡಿನಲ್ಲಿ ಇದೇ ಮಣೆ ಚೆನ್ನೆಯಾಗಿ, ಆಟಿ ತಿಂಗಳಿಗೆ ಕಟ್ಟುಬಿದ್ದಿದೆ. ಜಡಿಮಳೆ ಹಿಡಿದು, ನಾಟಿಯ ಕೆಲಸ ಮುಗಿದು, ಕೈಯಲ್ಲಿ ಧಾನ್ಯ ಕಡಮೆಯಾಗಿ, ಮನೆಯಿಂದ ಹೊರಕ್ಕೆ ಕಾಲಿಡುವುದೇ ದುಸ್ತರವಾದ ಆ ಕಾಲದಲ್ಲಿ ಅಟ್ಟದಿಂದ ಮಣೆ ಕೆಳಗಿಳಿಯುತ್ತದೆ. ತಿಂಗಳು ಕಳೆದರೆ ಮತ್ತೆ ಅಟ್ಟವನ್ನೇರುತ್ತದೆ. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ವಿಧಿಯೂ ಉಂಟು. ಅದರ ಹಿನ್ನೆಲೆಯಲ್ಲಿ ಸಿರಿಯೆಂಬವಳ ಕಥೆಯನ್ನು ಹಾಡುವ ತುಳು ಪಾಡ್ದನದ ಕೊನೆಯ ಘಟ್ಟ ನಿಂತಿದೆ: ಅವಳಿ ಸೋದರಿಯರಾದ ಅಬ್ಬಗ–ದಾರಗರು ತಾಯಿತಂದೆಯರಿಲ್ಲದ ಹೊತ್ತಿನಲ್ಲಿ ಚೆನ್ನೆಯಾಡಲು ಕುಳಿತು, ಮಾತಿಗೆ ಮಾತು ಬೆಳೆದು, ಅಕ್ಕನು ಮಣೆಯಿಂದಲೇ ತಂಗಿಯನ್ನು ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಮಕ್ಕಳಾಟವೆಂದರೆ ಕ್ಷುಲ್ಲಕವೆಂಬ ಭಾವನೆ ಪಾಡ್ದನವನ್ನು ಕಟ್ಟಿದ ಜನರಿಗೆ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಬೇಕಿಲ್ಲ. ಆಟದಲ್ಲಿ ಮತ್ಸರ ಹುಟ್ಟುತ್ತದೆ, ಅದನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನು ಕಲಿಯದೆ ಹೋದರೆ ಮನೆಯೇ ಹಾಳಾಗುತ್ತದೆ ಎಂಬ ಅರಿವು ಆ ಕಥೆಯೊಳಗಿದೆ.

ಚೌಕಾಬಾರದ ಮಾತೂ ಹೀಗೆಯೆ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದಲೋ ಇದ್ದಲಿನಿಂದಲೋ ಎಳೆದ ಐದೈದು ಮನೆಗಳ ಚೌಕ. ನಾಲ್ವರಿಗೆ ನಾಲ್ಕು ಕಟ್ಟೆಮನೆ. ಬಳೆಯೋಡು, ಹುಣಿಸೆಬೀಜ, ಕಲ್ಲಿನ ಹರಳು, ಏನಿದ್ದರೆ ಅದೇ ಕಾಯಿ. ನಾಲ್ಕು ಕವಡೆಗಳನ್ನು ಎಸೆದಾಗ ಎಷ್ಟು ಬಾಯಿ ಮೇಲಾದರೆ ಅಷ್ಟು ಮನೆ ನಡೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಈ ಎರಡಕ್ಕೂ ಇನ್ನೊಮ್ಮೆ ಎಸೆಯುವ ಹಕ್ಕು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿನ ಪ್ರವೇಶವಿಲ್ಲ. ಒಳಸುತ್ತನ್ನು ಮುಗಿಸಿ ನಡುಮನೆಯನ್ನು ಮುಟ್ಟಿದ ಕಾಯಿ ಹಣ್ಣಾಗುತ್ತದೆ. ಕವಡೆ ಎರಡು ಮಗ್ಗುಲಿಗೂ ಸಮವಾಗಿ ಬೀಳುವುದೆಂದು ಭಾವಿಸಿದರೆ, ನಾಲ್ಕು ಕವಡೆ ಬೀಳಬಹುದಾದ ಬಗೆ ಹದಿನಾರು. ಅವುಗಳಲ್ಲಿ ಎರಡು ಬೀಳುವ ಬಗೆ ಆರು, ಒಂದು ಮತ್ತು ಮೂರಕ್ಕೆ ನಾಲ್ಕು ನಾಲ್ಕು, ಚೌಕಕ್ಕೆ ಒಂದು, ಬಾರಕ್ಕೆ ಒಂದು. ಇದನ್ನು ಸಂಭವಗಣಿತವೆಂದು ಕಾಲೇಜಿನಲ್ಲಿ ಓದುತ್ತೇವೆ. ಚೌಕಾಬಾರವಾಡುವ ಎಂಟು ವರ್ಷದ ಹುಡುಗಿ ಹೆಸರನ್ನು ತಿಳಿಯದೆಯೆ ಇದರಂತೆ ನಡೆದುಕೊಳ್ಳುತ್ತಾಳೆ: ಎದುರಾಳಿಯ ಕಾಯಿಗೆ ಎರಡು ಮನೆ ಮುಂದೆ ತನ್ನ ಕಾಯನ್ನು ಬಿಡಬಾರದು, ಎಂಟು ಮನೆ ಮುಂದಿದ್ದರೆ ಅಷ್ಟು ಭಯವಿಲ್ಲ ಎಂಬುದು ಅವಳಿಗೆ ಸೋತು ಸೋತು ತಿಳಿದಿರುತ್ತದೆ.

ಬಯಲಾಟಗಳನ್ನು ಕುರಿತು ಇಷ್ಟು ಬರೆಯಬೇಕಾದ ಅವಶ್ಯಕತೆಯಿಲ್ಲ. ಚಿಣ್ಣಿದಾಂಡು, ಲಗೋರಿ, ಬುಗುರಿ, ಗೋಲಿ, ಕುಂಟೆಬಿಲ್ಲೆ ಇವುಗಳನ್ನು ಓದುಗರಲ್ಲಿ ಹಲವರು ಆಡಿಯೇ ಬಲ್ಲರು. ಸುಗ್ಗಿ ಮುಗಿದು ಹೊಲ ಬಯಲಾದಾಗ ಚಿಣ್ಣಿ ಹಾರುವುದು, ಪಂಚಮಿಗೆ ಉತ್ತರ ಕರ್ನಾಟಕದ ಮರಮರಕ್ಕೂ ಜೋಕಾಲಿ ಬೀಳುವುದು, ನವರಾತ್ರಿಗೆ ಮೈಸೂರು ಸೀಮೆಯ ಹೆಣ್ಣುಮಕ್ಕಳು ಪಟ್ಟದ ಗೊಂಬೆಗಳನ್ನು ಹೊರತೆಗೆಯುವುದು, ಹೀಗೆ ಆಟಗಳಿಗೆ ಋತುಧರ್ಮವಿತ್ತೆಂಬುದನ್ನು ನೆನೆದರೆ ಸಾಕು.

ಹಾಗಾದರೆ ವಿದ್ವಾಂಸರೂ ಅರಸರೂ ಆಟವನ್ನು ತಿರಸ್ಕರಿಸಿದ್ದರೆ? ಹಾಗೆ ಹೇಳುವಂತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ ಐದು ವಿಂಶತಿಗಳಾಗಿ ವಿಭಾಗವಾಗಿದ್ದು, ಅವುಗಳಲ್ಲಿ ಕಡೆಯ ವಿಂಶತಿ ಸಂಪೂರ್ಣವಾಗಿ ಕ್ರೀಡೆಗಳಿಗೆ ಮೀಸಲಾಗಿದೆ, ಮರಳಿನಾಟದಿಂದ ಮೊದಲುಗೊಂಡು ಒಗಟು, ಚದುರಂಗ, ಪಗಡೆ, ಕವಡೆಯಾಟಗಳವರೆಗೆ ಅದರೊಳಗೆ ಸ್ಥಾನಪಡೆದಿವೆ. ಏಳು ಶತಮಾನಗಳಾದ ಮೇಲೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ರಾಜ್ಯಭಾರ ಕೈತಪ್ಪಿದ ತರುವಾಯ ದೊರೆತ ದೀರ್ಘವಾದ ಬಿಡುವನ್ನು ಕಲೆಗಳಿಗೂ ಗ್ರಂಥರಚನೆಗೂ ವಿನಿಯೋಗಿಸಿ, ಮಣೆಯಾಟಗಳನ್ನೂ ಗಂಜೀಫಾ ಎಂಬ ಆಟದೆಲೆಗಳ ಹೊಸ ಹೊಸ ಕಟ್ಟುಗಳನ್ನೂ ಕಲ್ಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳ ಭಂಡಾರ. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿಬರುವ ಗತಿಯನ್ನು ಅವರು ನಾನಾ ವಿಧವಾಗಿ ಬಿಡಿಸಿದ್ದಾರೆ. ಗಂಜೀಫಾದ ಎಲೆಗಳ ಮೇಲೆ ದೇವತೆಗಳು, ಗ್ರಹಗಳು, ಋಷಿಗಳು ಚಿತ್ರಿತರಾಗಿರುವುದನ್ನು ನೋಡಿದರೆ, ಆಡುತ್ತಾಡುತ್ತಲೇ ಪುರಾಣವೂ ಜ್ಯೋತಿಷವೂ ಮನಸ್ಸಿಗಿಳಿಯಬೇಕೆಂಬ ಆಶಯ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಇವು ವಯಸ್ಕರ, ಅದರಲ್ಲಿಯೂ ಅರಮನೆಯ, ಆಟಗಳು. ಮಗುವಿಗೆಂದು ಆಟವನ್ನು ಯೋಚಿಸಿದ ಶಾಸ್ತ್ರ ನಮ್ಮಲ್ಲಿ ಬೆಳೆಯಲಿಲ್ಲ.

ಬೆಳೆಯದಿರುವುದಕ್ಕೆ ಒಂದು ಕಾರಣ ನನಗೆ ಕಾಣುವಂತೆ ಜೂಜು. ಮಣೆ, ಕವಡೆ, ದಾಳ ಎಂದೊಡನೆ ನಮ್ಮ ಹಿರಿಯರ ಕಣ್ಣಮುಂದೆ ಧರ್ಮರಾಯನು ಪಗಡೆಯಾಡಿ ಸೋತ ಸಭೆ ಬಂದು ನಿಲ್ಲುತ್ತಿತ್ತು. ದೀಪಾವಳಿಗೆ ಒಂದು ದಿನ ಪಗಡೆಗೆ ಅನುಮತಿ ಕೊಟ್ಟವರೂ ಮರುದಿನ ಅದನ್ನು ಬೈಯುತ್ತಿದ್ದರು. ಇದು ವಿಚಿತ್ರವೇ ಸರಿ, ಏಕೆಂದರೆ ಅದೇ ಮಹಾಭಾರತದಲ್ಲಿ ಕುರುಕುಮಾರರಿಗೆ ಗುರು ದೊರೆತುದೇ ಆಟದಿಂದ: ಹುಡುಗರು ಆಡುತ್ತಿದ್ದ ಚೆಂಡು ಬಾವಿಗೆ ಬಿದ್ದು, ಅದನ್ನು ತೆಗೆಯಲಾರದೆ ಅವರು ಸುತ್ತ ನಿಂತಿರುವಾಗ ದ್ರೋಣನು ಬಂದು, ಹುಲ್ಲುಕಡ್ಡಿಗಳನ್ನು ಒಂದರ ಬೆನ್ನಿಗೊಂದು ನಾಟಿಸಿ ಅದನ್ನು ಮೇಲೆತ್ತಿಕೊಟ್ಟನು. ಪಗಡೆಯ ಕಥೆ ನೆನಪಿನಲ್ಲಿ ನಿಂತಷ್ಟು ಚೆಂಡಿನ ಕಥೆ ನಿಲ್ಲಲಿಲ್ಲ.

ಮಠಕ್ಕೂ ವರ್ಷಕ್ಕೊಮ್ಮೆ ಆಟದ ದಿನಗಳು ಬರುತ್ತಿದ್ದವು. ಮಹಾನವಮಿಯ ಕಾಲದಲ್ಲಿ ಐಗಳು ಹುಡುಗರಿಗೆ ಬಣ್ಣದ ಕೋಲುಗಳನ್ನು ಕೊಟ್ಟು, ಮನೆಮನೆಯ ಮುಂದೆ ಕೋಲಾಟವಾಡಿಸುತ್ತ, ಚೌಪದಗಳನ್ನು ಹಾಡಿಸುತ್ತ ಬರುತ್ತಿದ್ದರು. ಮನೆಯವರು ಐಗಳಿಗೆ ಕಾಣಿಕೆಯನ್ನೂ ಹುಡುಗರಿಗೆ ತಿಂಡಿಯನ್ನೂ ಕೊಡುವುದು ಪದ್ಧತಿ. ಇಡೀ ವರುಷ ಬೆತ್ತದ ಕೆಳಗೆ ಕಲಿತ ಪದ್ಯಕ್ಕಿಂತ ಆ ಹತ್ತು ದಿನದ ಚೌಪದವೇ ಮುದುಕರಾದ ಮೇಲೂ ಬಾಯಿಗೆ ಬರುತ್ತಿತ್ತೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಆದರೂ ಐಗಳಲ್ಲಿ ಯಾರೂ, ಇದೇಕೆ ಹೀಗೆ, ಉಳಿದ ತಿಂಗಳುಗಳಲ್ಲಿಯೂ ಹೀಗೆಯೇ ಕಲಿಸಬಹುದೇ ಎಂದು ಕೇಳಿಕೊಂಡಂತೆ ಕಾಣುವುದಿಲ್ಲ.

ಆ ಪ್ರಶ್ನೆ ಬೇರೆಡೆಯಲ್ಲಿ ಎದ್ದಿತು. ಅದಕ್ಕಿಂತ ಮೊದಲು ನಮ್ಮ ಜಗಲಿಯ ಮಠವೇ ಸಮುದ್ರವನ್ನು ದಾಟಿತ್ತೆಂಬುದು ಸ್ವಾರಸ್ಯದ ಸಂಗತಿ. ಮದರಾಸಿನ ಎಗ್ಮೂರಿನಲ್ಲಿ ಸೈನಿಕರ ಅನಾಥ ಬಾಲಕರ ಆಶ್ರಮವನ್ನು ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಅಲ್ಲಿನ ಸ್ಥಳೀಯ ಮಠದಲ್ಲಿ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಯಲ್ಲಿ ಬಳಸಿ, ಬಲ್ಲ ಹುಡುಗ ಬಾರದ ಹುಡುಗನಿಗೆ ಹೇಳಿಕೊಡುವ ಕ್ರಮವನ್ನೂ ಸೇರಿಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಮದರಾಸು ಪದ್ಧತಿಯೆಂದು ಅದು ಅಲ್ಲಿ ಹೆಸರಾಯಿತು. ಇಂಗ್ಲೆಂಡು ನಮ್ಮಿಂದ ಕೊಂಡುಹೋದದ್ದು ಅಗ್ಗದ ಪಾಠವನ್ನು; ಮರಳಿನಲ್ಲಿ ಬೆರಳಾಡಿಸುವ ಮಗುವಿನ ಸಂತೋಷ ಅವರ ಲೆಕ್ಕಕ್ಕೂ ಬರಲಿಲ್ಲ.

ಅದು ಲೆಕ್ಕಕ್ಕೆ ಬಂದದ್ದು ಜರ್ಮನಿಯ ತುರಿಂಗಿಯದ ಬೆಟ್ಟಗಳ ನಡುವೆ 1782ರಲ್ಲಿ ಹುಟ್ಟಿದ ಫ್ರೀಡ್ರಿಕ್ ಫ್ರೋಬೆಲ್‌ನಿಂದ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು, ಅರಣ್ಯದ ಕೆಲಸವನ್ನು ಕಲಿತು, ಸ್ವಿಟ್ಸರ್ಲೆಂಡಿನ ಇವರ್ಡನ್‌ನಲ್ಲಿ ಶಿಕ್ಷಣತಜ್ಞ ಪೆಸ್ಟಲಾಟ್ಸಿಯ ಶಾಲೆಯನ್ನು ಎರಡು ವರ್ಷ ಕಂಡು, ಬರ್ಲಿನ್ನಿನಲ್ಲಿ ಸ್ಫಟಿಕಶಾಸ್ತ್ರವನ್ನು ಓದಿದ ಈ ಮನುಷ್ಯ, ಮಗುವಿನ ಆಟದಲ್ಲಿ ಸೃಷ್ಟಿಯ ನಿಯಮವೇ ತೋರುವುದೆಂದು ನಂಬಿದನು. ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ 1837ರಲ್ಲಿ ಆತ ತೆರೆದ ಸಂಸ್ಥೆಗೆ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂದಿತು. ಉಣ್ಣೆಯ ಆರು ಬಣ್ಣದ ಚೆಂಡುಗಳು ಅವನ ಮೊದಲ ಕೊಡುಗೆ. ಮರದ ಗೋಲ, ಉರುಳೆ, ಘನ ಇವು ಎರಡನೆಯದು. ಎಂಟು ಸಣ್ಣ ಘನಗಳಾಗಿ ಬಿಡಿಸಿ ಮತ್ತೆ ಒಂದಾಗಿ ಕೂಡಿಸಬಹುದಾದ ದೊಡ್ಡ ಘನ ಮೂರನೆಯದು. ಹಳ್ಳಿಯ ಹುಡುಗರನ್ನು ಕೂಡಿಸಿಕೊಂಡು ಗುಡ್ಡದ ಮೇಲೆ ಹಾಡಿ ಕುಣಿಯುತ್ತಿದ್ದ ಅವನನ್ನು ಊರವರು ಮುದಿಹುಚ್ಚನೆಂದು ಕರೆಯುತ್ತಿದ್ದರಂತೆ. ಸರ್ಕಾರ ಅವನನ್ನು ಅದಕ್ಕಿಂತ ಗಂಭೀರವಾಗಿ ಪರಿಗಣಿಸಿತು: 1851ರ ಆಗಸ್ಟಿನಲ್ಲಿ ಪ್ರಷ್ಯದ ಮಂತ್ರಿ ಇಂಥ ಶಾಲೆಗಳು ನಾಸ್ತಿಕತೆಯನ್ನೂ ಸಮಾಜವಾದವನ್ನೂ ಕಲಿಸುತ್ತವೆಂದು ಅವುಗಳನ್ನು ನಿಷೇಧಿಸಿದನು. ಹಾಗೆ ಮಾಡಿದುದು ಫ್ರೋಬೆಲ್‌ನನ್ನೂ ಅವನ ಅಣ್ಣನ ಮಗನನ್ನೂ ಒಬ್ಬನೇ ಎಂದು ಭ್ರಮಿಸಿದುದರಿಂದ ಎಂದು ಹೇಳುತ್ತಾರೆ. ಮರುವರ್ಷ ಆತ ತೀರಿಕೊಂಡನು. ನಿಷೇಧ ತೆಗೆದುದು 1860ರಲ್ಲಿ. ಷ್ವೈನಾ ಎಂಬಲ್ಲಿರುವ ಅವನ ಸಮಾಧಿಯ ಮೇಲೆ ಘನ, ಉರುಳೆ, ಗೋಲ ಒಂದರ ಮೇಲೊಂದು ನಿಂತಿವೆ.

ಮುದುಕನ ಕುಣಿತ ಅವನೊಡನೆಯೇ ಹೋಯಿತು. ಮರದ ತುಂಡುಗಳು ಲೋಕವನ್ನು ಸುತ್ತಿದವು. ಅಮೆರಿಕದಲ್ಲಿ ಅವನ್ನು ಮಾಡಿ ಮಾರುವ ವ್ಯಾಪಾರಿಗಳು ಹುಟ್ಟಿಕೊಂಡರು. ಸಾಲಾಗಿ ಕುಳಿತ ಮಕ್ಕಳು ಉಪಾಧ್ಯಾಯಿನಿಯ ಅಪ್ಪಣೆಯಂತೆ ಒಮ್ಮೆಗೇ ಘನವನ್ನು ಬಿಚ್ಚಿ ಒಮ್ಮೆಗೇ ಕೂಡಿಸುವ ಕವಾಯತು ಏರ್ಪಟ್ಟಿತು. ಅಲ್ಲಿನ ಶಿಕ್ಷಣಚಿಂತಕರಾದ ಸ್ಟ್ಯಾನ್ಲಿ ಹಾಲ್, ಜಾನ್ ಡ್ಯೂಯಿ ಮೊದಲಾದವರು ಇದನ್ನು ಖಂಡಿಸಬೇಕಾಯಿತು. ಆಟವು ಶಾಲೆಯನ್ನು ಪ್ರವೇಶಿಸಿದಾಗ ಅದಕ್ಕೆ ಒದಗಿದ ಮೊದಲ ಗತಿ ಇದು, ಮತ್ತು ಇದು ಕೊನೆಯದಾಗಲಿಲ್ಲ.

ಮಾರಿಯಾ ಮಾಂಟೆಸರಿಯ ಮಾತು ಬೇರೆ. 1907ರಲ್ಲಿ ರೋಮಿನ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ ಈ ವೈದ್ಯೆ, ಅಲ್ಲಿಟ್ಟಿದ್ದ ಆಟಿಕೆಗಳನ್ನು ಮಕ್ಕಳು ಬಿಟ್ಟು ತನ್ನ ಉಪಕರಣಗಳನ್ನೇ ಹಿಡಿದುದನ್ನು ಕಂಡು, ಮಗು ಬಯಸುವುದು ಕೆಲಸವನ್ನು ಎಂದು ತೀರ್ಮಾನಿಸಿದಳು. ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇಲೆ 1939ರ ಕೊನೆಯಲ್ಲಿ ಮದರಾಸಿನ ಅಡಯಾರಿಗೆ ಬಂದ ಆಕೆ, ಯುದ್ಧದಲ್ಲಿ ಇಟಲಿ ಶತ್ರುರಾಷ್ಟ್ರವಾದುದರಿಂದ 1946ರವರೆಗೆ ಇಲ್ಲಿಯೇ ಉಳಿಯಬೇಕಾಗಿ, ನೂರಾರು ಉಪಾಧ್ಯಾಯರಿಗೆ ಶಿಕ್ಷಣಕೊಟ್ಟಳು. ಅದಕ್ಕೆ ಮುಂಚೆಯೇ ಗುಜರಾತಿನ ಭಾವನಗರದಲ್ಲಿ ವಕೀಲಿಯನ್ನು ಬಿಟ್ಟುಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ತೆರೆದು, ಮಾಂಟೆಸರಿಯ ಉಪಕರಣಗಳೊಂದಿಗೆ ಕಥೆ, ಹಾಡು, ನಾಟಕ, ಹಳ್ಳಿಯ ಆಟಗಳನ್ನೂ ಕೂಡಿಸಿಕೊಂಡಿದ್ದರು. ಕನ್ನಡದಲ್ಲಿ ಪಂಜೆ ಮಂಗೇಶರಾಯರು ಶಾಲೆಯೊಳಗಿದ್ದುಕೊಂಡೇ ಮಕ್ಕಳ ನಾಲಗೆಗೆ ಒಗ್ಗುವ ಪದ್ಯಗಳನ್ನು ಬರೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ನಾಟಕ, ಕುಣಿತ, ಚಿತ್ರಗಳ ಮೂಲಕ ಶಿಕ್ಷಣವನ್ನು ಪ್ರಯೋಗಿಸಿ, ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕೊಟ್ಟರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಇವರೆಲ್ಲರ ಪ್ರಯತ್ನವೂ ಸ್ತುತ್ಯವಾದುದು. ಬೆತ್ತದ ರಾಜ್ಯ ಕ್ಷೀಣಿಸಿದುದು ಇಂಥವರಿಂದ.

ಆದರೂ ಇವುಗಳಿಗೆಲ್ಲ ಸಮಾನವಾದ ಒಂದಂಶವಿದೆ: ಆಟವನ್ನು ಮಗುವಿಗೆ ಕೊಡುವವರು ದೊಡ್ಡವರು. ಏನನ್ನು, ಎಷ್ಟು ಹೊತ್ತು, ಯಾವ ಪ್ರಯೋಜನಕ್ಕಾಗಿ ಆಡಬೇಕೆಂಬುದನ್ನು ಅವರು ಮುಂಚೆಯೇ ನಿಶ್ಚಯಿಸಿರುತ್ತಾರೆ. ಕುಂಟೆಬಿಲ್ಲೆಯ ಗೆರೆಯನ್ನು ಎಳೆದ ಹುಡುಗಿಗೆ ಹೀಗೆ ನಿಶ್ಚಯಿಸಿಕೊಟ್ಟವರಿಲ್ಲ. ಸ್ವಿಟ್ಸರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ, ಮಕ್ಕಳಲ್ಲಿ ನ್ಯಾಯಬುದ್ಧಿ ಹೇಗೆ ಬೆಳೆಯುವುದೆಂಬುದನ್ನು ತಿಳಿಯಲು ಪಾಠಶಾಲೆಯ ಒಳಗೆ ಹುಡುಕದೆ, ಗೋಲಿಯಾಡುವ ಹುಡುಗರ ಬಳಿಗೆ ಹೋಗಿ, ನನಗೆ ಈ ಆಟ ಬಾರದು, ಹೇಳಿಕೊಡಿ ಎಂದು ಕೇಳಿದನು. 1932ರಲ್ಲಿ ಪ್ರಕಟವಾದ ಅವನ ಗ್ರಂಥ ಆ ಪ್ರಶ್ನೋತ್ತರಗಳಿಂದ ಹುಟ್ಟಿತು. ಚಿಕ್ಕವರು ಆಟದ ಕಟ್ಟಳೆಯನ್ನು ಹಿರಿಯರೋ ದೇವರೋ ಮಾಡಿಟ್ಟ, ಮುಟ್ಟಬಾರದ ವಸ್ತುವೆಂದು ಭಾವಿಸುತ್ತಾರೆ. ಹತ್ತು ಹನ್ನೊಂದನೆಯ ವಯಸ್ಸಿನ ಹೊತ್ತಿಗೆ, ಕಟ್ಟಳೆಯೆಂಬುದು ಆಡುವವರ ಒಪ್ಪಂದ, ಎಲ್ಲರೂ ಒಪ್ಪಿದರೆ ಮಾರ್ಪಡಿಸಬಹುದು, ಒಪ್ಪಿದ ಮೇಲೆ ಮುರಿಯಬಾರದು ಎಂಬ ತಿಳಿವಳಿಕೆಗೆ ಬರುತ್ತಾರೆ ಎಂಬುದು ಅವನು ಕಂಡುಕೊಂಡ ಸತ್ಯ. ಶಾಲೆಯಲ್ಲಿ ಪೌರನೀತಿಯ ಪುಸ್ತಕವನ್ನು ಎಷ್ಟು ಓದಿಸಿದರೂ ಬಾರದ ಜ್ಞಾನವಿದು. ನಮ್ಮ ಬೀದಿಯ ಹುಡುಗರು ಇದನ್ನು ದಿನವೂ ಅಭ್ಯಾಸಮಾಡುತ್ತಿದ್ದರು. ಚಿಣ್ಣಿ ಗೆರೆಯ ಮೇಲೆ ಬಿದ್ದರೆ ಆಟಗಾರ ಔಟೋ ಅಲ್ಲವೋ ಎಂಬ ವಾದ ಆಟಕ್ಕಿಂತ ದೀರ್ಘವಾಗಿ ನಡೆಯುತ್ತಿದ್ದುದು ಕಾಲಹರಣವೆಂದು ಮನೆಯವರಿಗೆ ತೋರುತ್ತಿತ್ತಷ್ಟೆ.

ಹಳೆಯ ಕಾಲವೆಲ್ಲ ಸೊಗಸಾಗಿತ್ತೆಂದು ಹೇಳುವುದು ನನ್ನ ಉದ್ದೇಶವಲ್ಲ. ಆಟದ ಬಯಲಿಗೂ ಕೇರಿಗಳ ಬೇಲಿ ಇತ್ತು. ಯಾರ ಮಗ ಯಾರೊಡನೆ ಆಡಬಾರದೆಂಬ ಆಜ್ಞೆ ಮನೆಯಿಂದಲೇ ಬರುತ್ತಿತ್ತು. ಹನ್ನೆರಡು ದಾಟಿದ ಹುಡುಗಿಯನ್ನು ಒಳಮನೆಗೆ ಸೇರಿಸಿದುದರಿಂದಲೇ ಅಳಗುಳಿಮಣೆ ಹೆಂಗಸರ ಆಟವಾಗಿ ನಿಂತಿತು. ಬಡವರ ಮಕ್ಕಳಿಗೆ ದನ ಕಾಯುವಾಗ ದೊರೆತಷ್ಟೇ ಆಟ. ಮಠದ ಬೆತ್ತವನ್ನು ಮತ್ತೆ ತರಬೇಕೆನ್ನುವವರಿಗೆ ಕ್ಯಾಂಬೆಲ್‌ನ ವರದಿಯೇ ಉತ್ತರ. ಶಾಲೆಯು ಆಟಕ್ಕೆ ಬಾಗಿಲು ತೆರೆದುದು ಸರಿಯಾದ ಕೆಲಸ. ಆದರೆ ಬಾಗಿಲೊಳಗೆ ಬಂದ ಆಟಕ್ಕೆ ಅಂಕ ಕೊಡಲು ಹೊರಟುದು, ಅದನ್ನು ಗಂಟೆಯ ಲೆಕ್ಕದಲ್ಲಿ ಅಳೆದುದು, ಅದರಿಂದ ಏನು ಫಲವೆಂದು ದಿನದಿನವೂ ಕೇಳಿದುದು ತಪ್ಪು. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದು ಸಾರಿದೆ. ಭಾರತವೂ 1992ರಲ್ಲಿ ಅದಕ್ಕೆ ಸಮ್ಮತಿಕೊಟ್ಟಿದೆ. ಹಕ್ಕಾದುದನ್ನು ಅದರ ಫಲಕ್ಕಾಗಿ ಸಮರ್ಥಿಸಬೇಕಾದ ಅಗತ್ಯವಿಲ್ಲ.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆಯಾಟಗಳನ್ನು ಹೊಸದಾಗಿ ಮಾಡಿಸಿ ಪ್ರದರ್ಶನಕ್ಕಿಟ್ಟು ಜನರ ಗಮನವನ್ನು ಇತ್ತ ಸೆಳೆದಿದ್ದಾರೆ. ಆದರೆ ಮಣೆಯನ್ನು ಮಾಡಿಸುವುದು ಸುಲಭ. ಕಟ್ಟಳೆಗಳು ಊರಿನಿಂದೂರಿಗೆ, ಮನೆಯಿಂದ ಮನೆಗೆ ಬೇರೆಯಾಗಿದ್ದು, ಬರಹಕ್ಕೆ ಬಾರದೆ ಬಾಯಿಂದ ಬಾಯಿಗೆ ನಡೆದುಬಂದಿವೆ. ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ: ನಿಮ್ಮ ಮನೆಯಲ್ಲಿ ಅಳಗುಳಿಮಣೆಯನ್ನೋ ಚೌಕಾಬಾರವನ್ನೋ ಆಡಿದ ಹಿರಿಯರು ಇದ್ದರೆ, ಅವರೊಡನೆ ಕುಳಿತು ಒಂದು ಆಟವಾಡಿ, ಗುಳಿಗೆ ಎಷ್ಟು ಕಾಯಿ, ಯಾವ ಕಡೆಗೆ ಸುತ್ತು, ಯಾವಾಗ ಕೈ ಮುಗಿಯಿತು, ಜಗಳವಾದರೆ ತೀರ್ಪು ಯಾರದು ಎಂಬುದನ್ನು ಊರಿನ ಹೆಸರಿನೊಂದಿಗೆ ಬರೆದಿಡಿ. ಒಂದು ಬೇಸಗೆಯ ರಜೆಯಲ್ಲಿ ಯಾವ ಊರಿನ ಶಾಲೆಯ ಮಕ್ಕಳಾದರೂ ಮುಗಿಸಬಹುದಾದ ಕೆಲಸ ಇದು.